ಮೀನೆಣ್ಣೆ ಮಾತ್ರೆ ನಡೆದು ಬಂದ ದಾರಿ



ಮೀನೆಣ್ಣೆ ಮಾತ್ರೆ ನುಂಗಿದರೆ ಮೈ ಇಳಿಯುತ್ತದಂತೆ, ಸಕ್ಕರೆ ಕಾಯಿಲೆಗೂ ಒಳ್ಳೆಯದಂತೆ, ಹೌದೇ ಎಂದು ಅನೇಕರು ಕೇಳುತ್ತಾರೆ. ಇದರ ಉತ್ತರ ಇತಿಹಾಸದಲ್ಲೇ ಇದೆ.

ಹಿಂದೆ ಯುರೋಪಿನಲ್ಲಿ ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗಕ್ಕೆ ಕಾಡ್ ಮೀನಿನ ಲಿವರ್ ಎಣ್ಣೆ ಕುಡಿಸುತ್ತಿದ್ದರು. ಅಲ್ಲಿ ಗುಣ ಕೊಟ್ಟದ್ದು 'ಡಿ' ಜೀವಸತ್ವ. 1970ರ ದಶಕದಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬವರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತ ಪರೀಕ್ಷಿಸಿದರು. ಸೀಲ್, ತಿಮಿಂಗಿಲ, ಮೀನು ಇವೇ ಅವರ ಊಟ. ಅಷ್ಟು ಕೊಬ್ಬು ತಿಂದರೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕಡಿಮೆಯಿತ್ತು. ಒಮೆಗಾ-3ರ ಹೆಸರು ಮೇಲೆ ಬಂದದ್ದು ಹೀಗೆ. ಮಾತ್ರೆಯ ವ್ಯಾಪಾರವೂ ಬೆಳೆಯಿತು.

ಆಮೇಲೆ ದೊಡ್ಡ ಪರೀಕ್ಷೆಗಳಾದವು. 2012ರ 'ಒರಿಜಿನ್' ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರು, ಬರುವ ಸೂಚನೆ ಇದ್ದವರು ಸೇರಿ 12,500 ಜನ. ದಿನಕ್ಕೆ 1 ಗ್ರಾಂ ಮಾತ್ರೆಯಿಂದ ಟ್ರೈಗ್ಲಿಸರೈಡ್ ಸ್ವಲ್ಪ ಇಳಿಯಿತು, ಹೃದಯದ ಸಾವು ಇಳಿಯಲಿಲ್ಲ. 2018ರ 'ಅಸೆಂಡ್' ಪರೀಕ್ಷೆಯಲ್ಲೂ ಸಕ್ಕರೆ ಕಾಯಿಲೆಯವರ ಹೃದಯಕ್ಕೆ ಲಾಭ ಕಾಣಲಿಲ್ಲ. ಅದೇ ವರ್ಷ ಇನ್ನೊಂದರಲ್ಲಿ ಶುದ್ಧ ಮಾಡಿದ ಇಪಿಎ ಔಷಧ ದಿನಕ್ಕೆ 4 ಗ್ರಾಂ ಕೊಟ್ಟಾಗ ಹೃದಯದ ತೊಂದರೆ ಶೇ. 25 ಕಡಿಮೆಯಾಯಿತು. ಆದರೆ ಎದೆಬಡಿತ ಏರುಪೇರಾಗುವುದು ಹೆಚ್ಚಿತು. ಅದು ಡಾಕ್ಟರ ಚೀಟಿಯ ಮೇಲೆ ತೆಗೆದುಕೊಳ್ಳುವ ಔಷಧ.

ಇನ್ನು ಬೊಜ್ಜು. ಮಾತ್ರೆಯಿಂದಲೇ ಮೈ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಎಣ್ಣೆ ಎಣ್ಣೆಯೇ, ಗ್ರಾಮಿಗೆ 9 ಕ್ಯಾಲೊರಿ.

ಮೀನು ತಿನ್ನುವವರಿಗೆ ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳಲ್ಲೇ ಒಮೆಗಾ-3 ಇದೆ. ಮೀನೆಣ್ಣೆ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಯಾರೂ ಬಿಡಬೇಡಿ. ಸದಸ್ಯರ ಆರೋಗ್ಯವೇ ಸಂಘದ ನಿಜವಾದ ಠೇವಣಿ.