ಒಂದೇ ಪದಕ, ಎರಡು ನೆನಪು

ಅಂಗೈಯಲ್ಲಿ ಹಿಡಿಸುವ ಬೆಳ್ಳಿಯ ಬಿಲ್ಲೆ. ಅಗಲ ಸುಮಾರು 5 ಸೆಂಟಿಮೀಟರ್. ಒಂದು ಮುಖದಲ್ಲಿ ಕೋವಿ ಹಿಡಿದು, ಕತ್ತಿ ಎತ್ತಿ ನಿಂತ ಕೊಡಗಿನ ಯೋಧನ ಚಿತ್ರ. ಇನ್ನೊಂದು ಮುಖದಲ್ಲಿ ಹಾರದ ನಡುವೆ ಆಯುಧಗಳು. ಸುತ್ತಲೂ ಬರಹ, ಒಂದು ಕಡೆ ಇಂಗ್ಲಿಷ್, ಮತ್ತೊಂದು ಕಡೆ ಕನ್ನಡ. 1837ರ ದಂಗೆಯನ್ನು ಅಡಗಿಸುವಾಗ ಕಂಪನಿ ಸರ್ಕಾರಕ್ಕೆ ನಿಷ್ಠೆ ತೋರಿದ್ದಕ್ಕೆ ಇದು ಮೆಚ್ಚುಗೆಯ ಗುರುತು ಎಂಬುದು ಆ ಬರಹದ ತಾತ್ಪರ್ಯ.

ಇದೇ ‘ಕೂರ್ಗ್ ಮೆಡಲ್’, ಅಂದರೆ ಕೊಡಗು ಪದಕ. ಹಳೆಯ ಸೇನಾ ಪದಕಗಳನ್ನು ಸಂಗ್ರಹಿಸುವವರ ಪಾಲಿಗೆ ಇದು ಅಪರೂಪದ ವಸ್ತು. ಪದಕಗಳ ಕುರಿತ ಗ್ರಂಥಗಳು ಕೊಡುವ ಲೆಕ್ಕದಂತೆ ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300 ಮಾತ್ರ ತಯಾರಾದವು. ಆದರೆ ಕನ್ನಡಿಗರಿಗೆ ಈ ಪದಕ ಮುಖ್ಯವಾಗುವುದು ಅದರ ಬೆಲೆಯಿಂದಲ್ಲ. ಯಾರು, ಯಾರ ವಿರುದ್ಧ ಹೋರಾಡಿ ಇದನ್ನು ಪಡೆದರು ಎಂಬ ಪ್ರಶ್ನೆಯಿಂದ.

ಈಸ್ಟ್ ಇಂಡಿಯಾ ಕಂಪನಿಗೆ ಪದಕ ಹಂಚುವುದು ಹೊಸದೇನೂ ಆಗಿರಲಿಲ್ಲ. ಟಿಪ್ಪುವಿನ ವಿರುದ್ಧ 1790ರಿಂದ 92ರವರೆಗೆ ನಡೆದ ಯುದ್ಧಕ್ಕೆ ಭಾರತೀಯ ಸಿಪಾಯಿಗಳಿಗೆಂದೇ ಮೈಸೂರು ಪದಕ ಬಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹುಲಿಯನ್ನು ಕೆಡವಿದ ಸಿಂಹದ ಚಿತ್ರವಿರುವ ಪದಕವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚು ಹಾಕಿಸಲಾಯಿತು. ದರ್ಜೆ ನೋಡಿ ಲೋಹ: ಮೇಲಿನವರಿಗೆ ಚಿನ್ನ, ಸಾಮಾನ್ಯ ಸಿಪಾಯಿಗೆ ತವರ! ಈ ಪದಕಗಳ ಮೇಲಿದ್ದ ದೇಶೀ ಬರಹ ಪಾರ್ಸಿ. ಕೊಡಗು ಪದಕದಲ್ಲಿ ಕನ್ನಡ ಬಂದದ್ದಕ್ಕೆ ಕಾರಣವಿದೆ. ಅದು ಸಂಬಳದ ಸಿಪಾಯಿಗಳಿಗೆ ಕೊಟ್ಟದ್ದಲ್ಲ. ತಮ್ಮ ಊರುಗಳಿಂದಲೇ ಕೋವಿ-ಕತ್ತಿ ಹಿಡಿದು ಬಂದ ಸ್ಥಳೀಯರಿಗೆ ಕೊಟ್ಟದ್ದು. ಕನ್ನಡ ಆ ಸೀಮೆಯ ಕಾಗದಪತ್ರಗಳ ಭಾಷೆಯಾಗಿತ್ತು.

ದಂಗೆಯ ಹಿನ್ನೆಲೆ

1834ರಲ್ಲಿ ಕಂಪನಿಯು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಅರಸರ ಕಾಲದಲ್ಲಿ ಕೊಡಗಿಗೆ ಸೇರಿದ್ದ, ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ವರ್ಗಾಯಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ಮುಂದೆ ಹಣವನ್ನೇ ಕಟ್ಟಬೇಕಾಯಿತು. ಭತ್ತವನ್ನು ಮಾರಿ ಹಣ ಹೊಂದಿಸುವ ಬವಣೆ, ಅರಸೊತ್ತಿಗೆ ಹೋದ ನೋವು ಎರಡೂ ಕೂಡಿಕೊಂಡವು.

ಕೆದಂಬಾಡಿ ರಾಮಯ್ಯ ಗೌಡರಂಥ ಮುಖಂಡರು ಜನರನ್ನು ಕೂಡಿಸಿದರು. ಪುಟ್ಟಬಸಪ್ಪ ಎಂಬಾತ ರಾಜವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಂತ. ಬೆಳ್ಳಾರೆಯ ಖಜಾನೆ ಕೈವಶವಾಯಿತು. 1837ರ ಏಪ್ರಿಲ್ 5ರಂದು ದಂಡು ಮಂಗಳೂರನ್ನು ತಲುಪಿ, ಈಗ ಬಾವುಟಗುಡ್ಡ ಎನ್ನುವ ಎತ್ತರದಲ್ಲಿ ತನ್ನ ಬಾವುಟ ಹಾರಿಸಿತು. ಆ ಆಡಳಿತ ಉಳಿದದ್ದು 13 ದಿನ ಎನ್ನುತ್ತಾರೆ. ಹೊರಗಿನಿಂದ ಕಂಪನಿಯ ಸೈನ್ಯ ಬಂದಿಳಿಯಿತು.

ಘಟ್ಟದ ಮೇಲೆ ಆಗ ಕ್ಯಾಪ್ಟನ್ ಲೀಹಾರ್ಡಿ ಸೂಪರಿಂಟೆಂಡೆಂಟ್. ಮಡಿಕೇರಿಯನ್ನೂ ಹಿಡಿಯುವ ಯತ್ನ ಕೈಗೂಡಲಿಲ್ಲ. ದಿವಾನ ಅಪ್ಪಾರಂಡ ಬೋಪಣ್ಣನಂಥವರು ಕಂಪನಿಯ ಪಕ್ಷ ಹಿಡಿದರು. ಅವರ ಜೊತೆಗೆ ಹೊರಟ ಕೊಡಗಿನ ತುಕಡಿಗಳು ದಂಗೆಯನ್ನು ಅಡಗಿಸಲು ನೆರವಾದವು. ಪದಕ ಬಂದದ್ದು ಈ ನೆರವಿಗೆ. ಎದುರು ಪಕ್ಷಕ್ಕೆ ಸಿಕ್ಕದ್ದು ನೇಣು, ಸೆರೆಮನೆ. ಕಲ್ಯಾಣಸ್ವಾಮಿ ಎನಿಸಿಕೊಂಡ ಪುಟ್ಟಬಸಪ್ಪನನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಲಾಯಿತು.

ಇದನ್ನು ಎರಡು ಜನಾಂಗಗಳ ಜಗಳವೆಂದು ಓದುವುದು ತಪ್ಪು. ಬಂಡೆದ್ದವರಲ್ಲಿ ಗೌಡರಲ್ಲದೆ ಬೇರೆ ಬೇರೆ ಸಮುದಾಯದವರೂ ಇದ್ದರು. ಅರಸೊತ್ತಿಗೆ ಮತ್ತೆ ಬರಲೆಂದು ಬಯಸಿದವರಿದ್ದರು, ಅದರ ಕಾಟ ಸಾಕೆಂದವರೂ ಇದ್ದರು. ಹೊಸ ಸರ್ಕಾರ ಬಂದು ಕೇವಲ ಮೂರು ವರ್ಷ. ಯಾರ ಕಡೆ ನಿಲ್ಲಬೇಕೆಂಬುದನ್ನು ಪ್ರತಿ ಮನೆಯೂ ತನ್ನ ಭೂಮಿ, ತನ್ನ ಭಯ ನೋಡಿಕೊಂಡು ನಿರ್ಧರಿಸಿತು.

ಹೆಸರು ಬದಲಾದಾಗ

ಘಟನೆಗೆ ಜನರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಗೆದ್ದವರ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ! ಇಂದು ಅದನ್ನೇ ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ. 2022ರಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ದಂಗೆ ಹೋರಾಟವಾಗಿದೆ, ಪದಕದ ಮೇಲಿನ ಅಕ್ಷರ ಮಾತ್ರ ಬದಲಾಗಲಾರದು.

ಹೀಗಿರುವಾಗ ಇದನ್ನು ಸಂಗ್ರಹಿಸುವವರು ಏನು ಮಾಡಬೇಕು? ಮೊದಲನೆಯದು, ಅಸಲಿಯನ್ನು ಗುರುತಿಸುವುದು. ಕಂಪನಿ ಕಾಲದ ಪದಕಗಳಿಗೆ ಆಮೇಲೆ ಅಚ್ಚು ಹಾಕಿದ ಪ್ರತಿಗಳೂ ಇವೆ. ಬ್ರಿಟಿಷರ ನಂತರದ ಎಷ್ಟೋ ಯುದ್ಧ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು, ಪಡೆಯ ಹೆಸರು ಕೆತ್ತಿರುತ್ತದೆ. ಕೊಡಗು ಪದಕವನ್ನು ಹಾಗೆ ಹೆಸರು ಕೆತ್ತಿ ಹಂಚಲಿಲ್ಲ. ಆದ್ದರಿಂದ ಅದು ಯಾವ ಮನೆಯಿಂದ ಬಂತು, ಅದರೊಂದಿಗೆ ಸನ್ನದು, ಪತ್ರ, ಹಳೆಯ ಫೋಟೋ ಏನಾದರೂ ಇದೆಯೇ ಎಂಬುದೇ ಸಾಕ್ಷಿ. ಆ ಕಾಗದ ಕಳೆದರೆ ಉಳಿಯುವುದು ಬರೀ ಲೋಹ. ಚಿನ್ನದ್ದಾದರಂತೂ ಕಷ್ಟ ಕಾಲದಲ್ಲಿ ಅಕ್ಕಸಾಲಿಗನ ಕುಲುಮೆ ದೂರವಿರುವುದಿಲ್ಲ.

ಎರಡನೆಯದು ಆರೈಕೆ. ಹಬ್ಬಕ್ಕೆ ಬೆಳ್ಳಿ ದೀಪ ಬೆಳಗುವಂತೆ ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು. ಸವೆದ ಗೆರೆಗಳು ಮತ್ತೆ ಬರಲಾರವು. ಮೂರನೆಯದು ಕಾನೂನು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ; ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು.

ಇವೆಲ್ಲಕ್ಕಿಂತ ದೊಡ್ಡದು ಪದಕದ ಪಕ್ಕದಲ್ಲಿ ಇಡುವ ಚೀಟಿ. ‘ಶೌರ್ಯಕ್ಕೆ ಕೊಟ್ಟದ್ದು’ ಎಂದಷ್ಟೇ ಬರೆದರೆ ನೇಣಿಗೇರಿದವರು ಮರೆಯಾಗುತ್ತಾರೆ. ‘ದ್ರೋಹಕ್ಕೆ ಸಿಕ್ಕ ಕೂಲಿ’ ಎಂದು ಬರೆದರೆ, ಹಳೆಯ ಅರಸನಿಗೂ ಹೊಸ ಕಂಪನಿಗೂ ನಡುವೆ ಸಿಕ್ಕಿಬಿದ್ದ ಮನೆಗಳ ಕಥೆ ಮರೆಯಾಗುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಅಂಥದೊಂದು ಬಿಲ್ಲೆ ಸಿಕ್ಕವರು ಹೆಮ್ಮೆಯಿಂದ ಮೆರೆಸಬೇಕಾಗಿಲ್ಲ, ನಾಚಿಕೆಯಿಂದ ಕರಗಿಸಲೂಬಾರದು. ಪದಕ ಪಡೆದವರ ಹೆಸರು ಗೊತ್ತಿದ್ದರೆ ಬರೆದಿಡಲಿ. ಅದರ ಕೆಳಗೆ, ಅದೇ ವರ್ಷ ಮಡಿಕೇರಿಯಲ್ಲಿ, ಮಂಗಳೂರಿನಲ್ಲಿ ಗಲ್ಲಿಗೇರಿದವರ ಹೆಸರನ್ನೂ ಬರೆಯಲಿ. ಚರಿತ್ರೆಯ ಲೆಕ್ಕ ಆಗ ಸರಿಹೋಗುತ್ತದೆ.