ರಕ್ತದಲ್ಲಿ ಹಾರ್ಮೋನಿಗೂ ಒಂದು ಬಸ್ಸು ಬೇಕು: ವರದಿಯಲ್ಲಿರುವ ‘ಒಟ್ಟು’ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ ಯಾಕೆ?

ರಕ್ತಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ನಾವೆಲ್ಲ ಮೊದಲು ಹುಡುಕುವುದು ದಪ್ಪ ಅಕ್ಷರದಲ್ಲಿರುವ ಅಂಕಿಯನ್ನು. ‘ಕಾರ್ಟಿಸೋಲ್ ಹೆಚ್ಚು’, ‘ಟೆಸ್ಟೋಸ್ಟೆರೋನ್ ಕಡಿಮೆ’ ಎಂದು ಕಂಡರೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಹಲವು ಬಾರಿ ಏರಿಳಿತ ಆಗಿರುವುದು ಹಾರ್ಮೋನಿನಲ್ಲಲ್ಲ, ಅದನ್ನು ಹೊತ್ತು ತಿರುಗುವ ಪ್ರೋಟೀನಿನಲ್ಲಿ. ಈ ವ್ಯತ್ಯಾಸ ತಿಳಿಯದೆ ಬೇಡದ ಚಿಕಿತ್ಸೆ ಶುರುವಾಗಬಹುದು. ಬೇಕಾದ ಚಿಕಿತ್ಸೆ ತಪ್ಪಿಯೂ ಹೋಗಬಹುದು.

ಹೊರಲು ಪ್ರೋಟೀನು ಯಾಕೆ ಬೇಕು?

ಕಾರ್ಟಿಸೋಲ್, ಟೆಸ್ಟೋಸ್ಟೆರೋನ್, ಈಸ್ಟ್ರೋಜೆನ್, ಪ್ರೊಜೆಸ್ಟೆರೋನ್ ಇವೆಲ್ಲ ಸ್ಟೀರಾಯ್ಡ್ ಹಾರ್ಮೋನುಗಳು. ಇವುಗಳ ಕಚ್ಚಾವಸ್ತು ಕೊಲೆಸ್ಟೆರಾಲ್. ಆದ್ದರಿಂದ ಇವು ಎಣ್ಣೆಯ ಸ್ವಭಾವದವು, ನೀರಿನಂಥ ರಕ್ತರಸದಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕಾಗಿ ನಮ್ಮ ಲಿವರ್ ಕೆಲವು ಸಾಗಣೆ ಪ್ರೋಟೀನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮುಖ್ಯವಾದವು ಮೂರು:

ಟ್ರಾನ್ಸ್‌ಕಾರ್ಟಿನ್ ಅಥವಾ ಸಿಬಿಜಿ: ಕಾರ್ಟಿಸೋಲ್ ಮತ್ತು ಪ್ರೊಜೆಸ್ಟೆರೋನ್‌ಗಳನ್ನು ಬಿಗಿಯಾಗಿ ಹಿಡಿಯುತ್ತದೆ.

ಎಸ್‌ಎಚ್‌ಬಿಜಿ: ಟೆಸ್ಟೋಸ್ಟೆರೋನ್ ಮತ್ತು ಈಸ್ಟ್ರೋಜೆನ್‌ನಂಥ ಲೈಂಗಿಕ ಹಾರ್ಮೋನುಗಳನ್ನು ಹಿಡಿಯುತ್ತದೆ.

ಆಲ್ಬುಮಿನ್: ರಕ್ತರಸದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಪ್ರೋಟೀನು. ಎಲ್ಲವನ್ನೂ ಹಿಡಿಯುತ್ತದೆ, ಆದರೆ ಸಡಿಲವಾಗಿ.

ಜಡೆಯಿಂದ ಸೊರಬಕ್ಕೋ ಶಿಕಾರಿಪುರಕ್ಕೋ ಹೊರಟ ಬಸ್ಸನ್ನು ನೆನಪಿಸಿಕೊಳ್ಳಿ. ಸಂತೆಯ ದಿನ ಒಳಗೆ ಅರವತ್ತು ಜನ ಇರಬಹುದು. ಆದರೆ ಸಂತೆಯಲ್ಲಿ ವ್ಯಾಪಾರ ಮಾಡುವವರು ಕೆಳಗೆ ಇಳಿದವರು ಮಾತ್ರ. ಹಾರ್ಮೋನೂ ಹಾಗೆಯೇ. ಪ್ರೋಟೀನಿನಿಂದ ಬಿಡಿಸಿಕೊಂಡ ‘ಮುಕ್ತ’ ಹಾರ್ಮೋನು ಮಾತ್ರ ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುತ್ತದೆ ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಮಿದುಳು ಗಮನಿಸುವುದೂ ಈ ಮುಕ್ತ ಭಾಗವನ್ನೇ. ಅದು ಕಡಿಮೆಯಾದರೆ ಗ್ರಂಥಿಗೆ ‘ಇನ್ನಷ್ಟು ತಯಾರಿಸು’ ಎಂಬ ಆದೇಶ ಹೋಗುತ್ತದೆ.

ಇಳಿದವರ ಸಂಖ್ಯೆ ತೀರಾ ಚಿಕ್ಕದು. ರಕ್ತದ ಕಾರ್ಟಿಸೋಲ್‌ನಲ್ಲಿ ಸುಮಾರು 80ರಿಂದ 90 ಶೇಕಡ ಸಿಬಿಜಿಯಲ್ಲಿ ಕುಳಿತಿರುತ್ತದೆ, ಸ್ವಲ್ಪ ಭಾಗ ಆಲ್ಬುಮಿನ್‌ನಲ್ಲಿರುತ್ತದೆ, ಮುಕ್ತವಾಗಿರುವುದು 5 ಶೇಕಡದ ಆಸುಪಾಸು. ಟೆಸ್ಟೋಸ್ಟೆರೋನ್‌ನಲ್ಲಿ ಮುಕ್ತ ಭಾಗ 1ರಿಂದ 3 ಶೇಕಡ ಅಷ್ಟೆ. ಆದರೆ ಸಾಮಾನ್ಯ ಪರೀಕ್ಷೆ ಅಳೆಯುವುದು ಬಸ್ಸಿನಲ್ಲಿರುವವರನ್ನೂ ಸೇರಿಸಿದ ಒಟ್ಟು ಲೆಕ್ಕವನ್ನು. ಗೊಂದಲ ಹುಟ್ಟುವುದು ಇಲ್ಲೇ.

ಜ್ವರ ಬಂದಾಗ ಬಸ್ಸೇ ಬಾಗಿಲು ತೆರೆಯುತ್ತದೆ

ಸಿಬಿಜಿಯನ್ನು ಬರೀ ಹೊರೆ ಹೊರುವ ಆಳು ಎಂದುಕೊಂಡರೆ ತಪ್ಪಾಗುತ್ತದೆ. ಸೋಂಕು ಅಥವಾ ಗಾಯ ಆದ ಜಾಗದಲ್ಲಿ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ಅದು ಸಿಬಿಜಿಯನ್ನು ಒಂದು ಕಡೆ ಕತ್ತರಿಸುತ್ತದೆ. ಕತ್ತರಿಸಿದೊಡನೆ ಪ್ರೋಟೀನಿನ ಆಕಾರ ಬದಲಾಗಿ ಹಿಡಿತ ಸಡಿಲವಾಗುತ್ತದೆ, ಉರಿಯೂತ ತಗ್ಗಿಸುವ ಕಾರ್ಟಿಸೋಲ್ ಬೇಕಾದ ಜಾಗದಲ್ಲೇ ಇಳಿಯುತ್ತದೆ. ಮೈ ಬಿಸಿಯಾದಾಗಲೂ ಹೀಗೆಯೇ: ಉಷ್ಣತೆ 37 ಡಿಗ್ರಿಯಿಂದ ಮೇಲೇರಿದಂತೆ ಸಿಬಿಜಿಯ ಹಿಡಿತ ಕಡಿಮೆಯಾಗಿ ಮುಕ್ತ ಕಾರ್ಟಿಸೋಲ್‌ನ ಪಾಲು ಹೆಚ್ಚುತ್ತದೆ.

ಜ್ವರದ ಮಾತು ಸೊರಬದ ಕಡೆಯವರಿಗೆ ಹೊಸದಲ್ಲ. ಮಂಗನ ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಯಾವುದೇ ತೀವ್ರ ಕಾಯಿಲೆಯಲ್ಲಿ ಸಿಬಿಜಿ, ಆಲ್ಬುಮಿನ್ ಎರಡೂ ಕುಸಿಯಬಹುದು. ಆಗ ಒಟ್ಟು ಕಾರ್ಟಿಸೋಲ್ ಕಡಿಮೆ ಕಾಣುತ್ತದೆ, ಮುಕ್ತ ಕಾರ್ಟಿಸೋಲ್ ಮಾತ್ರ ಸಾಕಷ್ಟಿರಬಹುದು. ಐಸಿಯುನಲ್ಲಿರುವ ರೋಗಿಯ ಕಾರ್ಟಿಸೋಲ್ ವರದಿಯನ್ನು ವೈದ್ಯರು ಹುಷಾರಾಗಿ ಓದುವುದು ಇದಕ್ಕೇ.

ಕೆಲವು ತಪ್ಪು ತಿಳಿವಳಿಕೆಗಳು

‘ಬಸುರಿಗೆ ಕಾರ್ಟಿಸೋಲ್ ಎರಡು ಪಟ್ಟಾಗಿದೆ, ಇದು ಟೆನ್ಶನ್‌ನಿಂದಲೇ.’
ಹಾಗೆ ಹೇಳಲು ಬರುವುದಿಲ್ಲ. ಬಸಿರಿನಲ್ಲಿ ಈಸ್ಟ್ರೋಜೆನ್ ಹೆಚ್ಚುತ್ತದೆ. ಅದು ಲಿವರ್‌ನಿಂದ ಹೆಚ್ಚು ಸಿಬಿಜಿ ಮಾಡಿಸುತ್ತದೆ, ಒಟ್ಟು ಕಾರ್ಟಿಸೋಲ್ ಅದರ ಜೊತೆ ಏರುತ್ತದೆ. ಮುಕ್ತ ಕಾರ್ಟಿಸೋಲೂ ಬಸಿರಿನಲ್ಲಿ ಸಹಜವಾಗಿಯೇ ಏರುತ್ತದೆ. ಆದ್ದರಿಂದ ಬಸುರಿಯರಲ್ಲದವರ ಮಿತಿ ಇಟ್ಟುಕೊಂಡು ಅವರ ವರದಿಯನ್ನು ಅಳೆಯಬಾರದು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಒಟ್ಟು ಕಾರ್ಟಿಸೋಲ್ ಹೆಚ್ಚು ಕಾಣುತ್ತದೆ. ರಕ್ತ ಕೊಡುವ ಮೊದಲು ಮಾತ್ರೆಯ ವಿಷಯ ವೈದ್ಯರಿಗೆ ಹೇಳಲೇಬೇಕು. ಅಗತ್ಯವಿದ್ದರೆ ಅವರು ಜೊಲ್ಲಿನ ಪರೀಕ್ಷೆ ಅಥವಾ 24 ಗಂಟೆಯ ಮೂತ್ರದ ಪರೀಕ್ಷೆಯನ್ನು ಆರಿಸಬಹುದು. ಆ ಎರಡರಲ್ಲೂ ಅಳೆಯುವುದು ಮುಕ್ತ ಕಾರ್ಟಿಸೋಲನ್ನು.

‘ಟೆಸ್ಟೋಸ್ಟೆರೋನ್ ನಾರ್ಮಲ್ ಇದೆ, ಹಾಗಾಗಿ ಮುಖದ ಕೂದಲಿಗೂ ಹಾರ್ಮೋನಿಗೂ ಸಂಬಂಧವಿಲ್ಲ.’
ಸಂಬಂಧ ಇರಬಹುದು. ಪಿಸಿಓಎಸ್ ಅಥವಾ ಪಿಸಿಓಡಿ ಇರುವ ಹಲವರಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ, ಎಸ್‌ಎಚ್‌ಬಿಜಿ ಇಳಿದಿರುತ್ತದೆ. ಪ್ರಯಾಣಿಕರು ಅಷ್ಟೇ, ಬಸ್ಸು ಕಡಿಮೆ. ಒಟ್ಟು ಅಂಕಿ ಮಿತಿಯೊಳಗಿದ್ದರೂ ಮುಕ್ತ ಟೆಸ್ಟೋಸ್ಟೆರೋನ್ ಹೆಚ್ಚಿದ್ದು ಮೊಡವೆ, ಗಲ್ಲದ ಮೇಲಿನ ಕೂದಲು, ಮುಟ್ಟಿನ ಏರುಪೇರು ಕಾಣಿಸಬಹುದು. ‘ಎಲ್ಲ ಸರಿಯಿದೆ, ಸುಮ್ಮನೆ ಚಿಂತೆ ಮಾಡುತ್ತೀಯ’ ಎಂದು ಮನೆಯಲ್ಲಿ ಬೈಸಿಕೊಳ್ಳುವ ಹುಡುಗಿಯರಿಗೆ ಈ ಒಂದು ಪರೀಕ್ಷೆ ಉತ್ತರ ಕೊಡಬಲ್ಲದು.

‘ಟೆಸ್ಟೋಸ್ಟೆರೋನ್ ಕಡಿಮೆ ಇದೆ, ಒಂದು ಇಂಜೆಕ್ಷನ್ ಸಾಕು.’
ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಬೊಜ್ಜು ಅಥವಾ ಟೈಪ್ 2 ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಎಸ್‌ಎಚ್‌ಬಿಜಿ ಇಳಿಯುವುದರಿಂದ ಒಟ್ಟು ಟೆಸ್ಟೋಸ್ಟೆರೋನ್ ಕಡಿಮೆ ಕಾಣುತ್ತದೆ. ಮುಕ್ತ ಭಾಗ ಸರಿಯಾಗಿಯೇ ಇರಬಹುದು. ಹೊರಗಿನಿಂದ ಟೆಸ್ಟೋಸ್ಟೆರೋನ್ ಕೊಟ್ಟರೆ ಮಿದುಳು ‘ಸಾಕು’ ಎಂದು ತಿಳಿದು ವೃಷಣಗಳಿಗೆ ಕೊಡುವ ಆದೇಶವನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ. ಮಗು ಬೇಕೆಂದು ಆಸ್ಪತ್ರೆಗೆ ಹೋದವರಿಗೆ ಇದು ನೇರ ಹೊಡೆತ. ತೂಕ ಇಳಿಸಿದರೆ ಎಸ್‌ಎಚ್‌ಬಿಜಿ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ.

‘ಸ್ಟೀರಾಯ್ಡ್ ಮಾತ್ರೆ ಎಲ್ಲರಿಗೂ ಒಂದೇ ಲೆಕ್ಕ.’
ಅಲ್ಲ. ಅಸ್ತಮಾ, ಸಂಧಿವಾತಕ್ಕೆ ಕೊಡುವ ಪ್ರೆಡ್ನಿಸೊಲೋನ್ ಕೂಡ ಸಿಬಿಜಿ ಮತ್ತು ಆಲ್ಬುಮಿನ್‌ಗಳಿಗೆ ಅಂಟುತ್ತದೆ. ಅಪೌಷ್ಟಿಕತೆ ಅಥವಾ ಲಿವರ್ ಕಾಯಿಲೆಯಿಂದ ಆಲ್ಬುಮಿನ್ ಇಳಿದವರಲ್ಲಿ ಮುಕ್ತ ಔಷಧಿಯ ಪಾಲು ಹೆಚ್ಚಾಗಿ ಅಡ್ಡಪರಿಣಾಮವೂ ಹೆಚ್ಚಬಹುದು. ಪಕ್ಕದ ಮನೆಯವರ ಚೀಟಿ ತೋರಿಸಿ ಮಾತ್ರೆ ತರಬಾರದು ಎನ್ನಲು ಇದೂ ಒಂದು ಕಾರಣ. ವೈದ್ಯರು ಕೊಟ್ಟ ಸ್ಟೀರಾಯ್ಡನ್ನು ನೀವಾಗಿ ಏಕಾಏಕಿ ನಿಲ್ಲಿಸುವುದೂ ಅಷ್ಟೇ ಅಪಾಯ.

ಕರ್ನಾಟಕದ ಒಂದು ಕೊಡುಗೆ

ಸಾಗಣೆ ಪ್ರೋಟೀನುಗಳ ಅಧ್ಯಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಹೆಸರಿದೆ. ಅಲ್ಲಿನ ಜೀವರಸಾಯನ ವಿಜ್ಞಾನಿ ಪೆರ್ಡೂರು ರಾಧಾಕಾಂತ ಅಡಿಗರು ವಿಟಮಿನ್ ಹೊರುವ ಪ್ರೋಟೀನುಗಳ ಬೆನ್ನು ಹತ್ತಿದವರು. ಕೋಳಿಯ ಲಿವರ್ ಈಸ್ಟ್ರೋಜೆನ್ ಆದೇಶದಂತೆ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಹೊರುವ ಪ್ರೋಟೀನನ್ನು ತಯಾರಿಸಿ ಮೊಟ್ಟೆಗೆ ಸಾಗಿಸುತ್ತದೆ. ಹುಟ್ಟಿನಿಂದಲೇ ಆ ಪ್ರೋಟೀನು ಇಲ್ಲದ ಕೋಳಿ ಮೊಟ್ಟೆ ಇಟ್ಟರೂ ಮರಿ ಒಡೆಯುವುದಿಲ್ಲ, ಭ್ರೂಣ ಒಳಗೇ ಸಾಯುತ್ತದೆ. ಇಂಥದೇ ಪ್ರೋಟೀನು ಸಸ್ತನಿಗಳ ಗರ್ಭಾವಸ್ಥೆಯಲ್ಲೂ ಇರುವುದನ್ನು, ಅದನ್ನು ತಡೆದರೆ ಇಲಿಗಳಲ್ಲಿ ಬಸಿರು ನಿಲ್ಲದಿರುವುದನ್ನು ಅಡಿಗರ ತಂಡ ತೋರಿಸಿತು. ಅವರಿಗೆ 1980ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂತು. ಸರಕು ಎಷ್ಟಿದ್ದರೂ ಸಾಗಣೆ ಇಲ್ಲದಿದ್ದರೆ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ವರದಿ ಬಂದಾಗ ಏನು ಕೇಳಬೇಕು?

ಮೂರು ಪ್ರಶ್ನೆ ಸಾಕು. ಈ ಅಂಕಿ ಒಟ್ಟು ಹಾರ್ಮೋನಿನದೋ ಮುಕ್ತ ಭಾಗದ್ದೋ? ನನ್ನ ಬಸಿರು, ಮಾತ್ರೆ, ಥೈರಾಯ್ಡ್, ಲಿವರ್, ತೂಕ ಇದರ ಮೇಲೆ ಪರಿಣಾಮ ಬೀರಿದೆಯೇ? ಎಸ್‌ಎಚ್‌ಬಿಜಿ, ಆಲ್ಬುಮಿನ್ ನೋಡಿ ಮುಕ್ತ ಟೆಸ್ಟೋಸ್ಟೆರೋನ್ ಲೆಕ್ಕ ಹಾಕುವುದು ಅಗತ್ಯವೇ? ಥೈರಾಯ್ಡ್ ಹೆಚ್ಚಿದ್ದರೆ ಎಸ್‌ಎಚ್‌ಬಿಜಿ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ ಎಂಬುದೂ ನೆನಪಿರಲಿ. ಕಾರ್ಟಿಸೋಲ್, ಟೆಸ್ಟೋಸ್ಟೆರೋನ್ ಎರಡೂ ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ. ಹಾಗಾಗಿ ರಕ್ತ ಕೊಟ್ಟ ಹೊತ್ತನ್ನೂ ಬರೆದಿಟ್ಟುಕೊಳ್ಳಿ. ಒಂದೇ ವರದಿ ನೋಡಿ ಔಷಧಿ ಶುರುಮಾಡುವ ಮೊದಲು ಈ ಪ್ರಶ್ನೆಗಳನ್ನು ವೈದ್ಯರ ಮುಂದಿಡಿ.