ಇಸ್ಪೀಟು, ಮಹಜರು ಮತ್ತು ನನ್ನ ಒಂದು ರುಜು



ಬಲಿಪಾಡ್ಯಮಿಯಂದು ಜೂಜಾಡುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಅಂದು ಶಿವ ಪಾರ್ವತಿಯರು ಪಗಡೆಯಾಡಿದರೆಂದು ಹಿರಿಯರು ಹೇಳುತ್ತಿದ್ದರು. ಆ ತಿಥಿಗೆ ದ್ಯೂತಪ್ರತಿಪದೆ ಎಂಬ ಹೆಸರೇ ಇದೆ. 1978ರ ಆ ಹಬ್ಬದ ರಾತ್ರಿ, ನಾನು ಆಗ ಕೆಲಸ ಮಾಡುತ್ತಿದ್ದ ಊರಿನ ಅಕ್ಕಿ ಗಿರಣಿಯ ಹಿಂದಿನ ಕೊಠಡಿಯಲ್ಲಿ ಏಳು ಮಂದಿ ಇಸ್ಪೀಟಾಡುತ್ತ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಅವರಲ್ಲೊಬ್ಬ ಸರ್ಕಾರಿ ಕಚೇರಿಯೊಂದರ ಜವಾನ. ಅವನ ಮಗ ನನ್ನ ಏಳನೆಯ ತರಗತಿಯ ವಿದ್ಯಾರ್ಥಿ.

ಹಬ್ಬಕ್ಕೆ ಊರಿಗೆ ಹೋಗದೆ ನಾನು ಬಾಡಿಗೆ ಕೋಣೆಯಲ್ಲಿಯೇ ಉಳಿದಿದ್ದೆ. ಮರುದಿನ ಬೆಳಿಗ್ಗೆ ಒಬ್ಬ ಪೇದೆ ಬಂದು, "ಮೇಷ್ಟ್ರೇ, ಇಲ್ಲೊಂದು ರುಜು ಹಾಕಿ ಕೊಡಿ, ಸಾಹೇಬರು ಹೇಳಿದ್ದಾರೆ" ಎಂದು ಬರೆದು ಸಿದ್ಧವಾಗಿದ್ದ ಎರಡು ಹಾಳೆಗಳನ್ನು ಮುಂದಿಟ್ಟ. ಅರ್ಧ ಓದಿದೆನೋ ಇಲ್ಲವೋ, ರುಜು ಮಾಡಿಬಿಟ್ಟೆ. ಅದು ದಾಳಿಯ ಮಹಜರು. ನಾನು ಪಂಚನಾಗಿ ರಾತ್ರಿ ಒಂಬತ್ತೂವರೆಗೆ ಗಿರಣಿಯಲ್ಲಿದ್ದೆನೆಂದೂ, ಅಂದರ್ ಬಾಹರ್ ಆಟವನ್ನು ಕಣ್ಣಾರೆ ಕಂಡೆನೆಂದೂ ಅದರಲ್ಲಿತ್ತು. ಮಕ್ಕಳಿಗೆ ಸತ್ಯ ಹರಿಶ್ಚಂದ್ರನ ಪಾಠ ಹೇಳುತ್ತಿದ್ದವನು ನಾನು!

ಒಂದು ರುಜುವಿನಿಂದ ಏನಾಗುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ತಿಳಿದದ್ದು ಆಪಾದಿತರ ಪರವಾಗಿ ನಿಂತ ವಯೋವೃದ್ಧ ವಕೀಲರಿಂದ, ಅದೂ ಮೊಕದ್ದಮೆ ಮುಗಿದ ಮೇಲೆ. ಅವರು ಹೇಳಿದ್ದನ್ನೂ ಅನಂತರ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜೂಜನ್ನು ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮ ಪ್ರಾಚೀನರಲ್ಲಿಯೇ ಒಮ್ಮತವಿರಲಿಲ್ಲ. ಋಗ್ವೇದದ ಅಕ್ಷಸೂಕ್ತದಲ್ಲಿ ಹೆಂಡತಿಯನ್ನೂ ಮನೆಯನ್ನೂ ಕಳೆದುಕೊಂಡ ಜೂಜುಗಾರನ ಗೋಳಿದೆ. ಮನು ರಾಜ್ಯದಲ್ಲಿ ಜೂಜೇ ಇರಕೂಡದೆಂದ. ಕೌಟಿಲ್ಯ ವ್ಯವಹಾರಜ್ಞ; ಆಟವನ್ನು ಒಂದೇ ಕಡೆ ನಡೆಸಬೇಕು, ಬೇರೆಡೆ ಆಡಿದವನಿಗೆ ಹನ್ನೆರಡು ಪಣ ದಂಡ, ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ದ್ಯೂತಾಧ್ಯಕ್ಷನಿಗೆ ಎಂದು ಕಟ್ಟಳೆ ಮಾಡಿದ. ಗುಟ್ಟಾಗಿ ಬದುಕುವ ಕಳ್ಳಕಾಕರು ಅಲ್ಲಿ ಪತ್ತೆಯಾಗುತ್ತಾರೆ ಎಂಬುದು ಅವನ ಲೆಕ್ಕಾಚಾರ. ಈ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು.

ಬ್ರಿಟಿಷರು 1867ರಲ್ಲಿ ಸಾರ್ವಜನಿಕ ಜೂಜು ಕಾಯಿದೆಯನ್ನು ತಂದರು. ಶಿಕ್ಷೆ ಮುಖ್ಯವಾಗಿ ಜೂಜಿನ ಮನೆಯನ್ನು ನಡೆಸುವವನಿಗೆ ಮತ್ತು ಅಲ್ಲಿ ಆಡುವವನಿಗೆ. ಕೇವಲ ಕೌಶಲದ ಆಟಕ್ಕೆ ಕಾಯಿದೆ ಅನ್ವಯಿಸದು. ಮುಂದಿನ ನೂರೈವತ್ತು ವರ್ಷಗಳ ವಾದವೆಲ್ಲ ಈ ಒಂದು ವಿನಾಯಿತಿಯ ಸುತ್ತಲೇ ಗಾಣದೆತ್ತಿನಂತೆ ಸುತ್ತಿದೆ. ಸಂವಿಧಾನ ಬಂದಾಗ ಜೂಜು ರಾಜ್ಯಪಟ್ಟಿಗೆ ಸೇರಿತು. ನಮ್ಮಲ್ಲಿ 1963ರ ಪೊಲೀಸ್ ಕಾಯಿದೆಯ 78ನೆಯ ಕಲಮು ಪಂದ್ಯ ಕಟ್ಟುವುದಕ್ಕೆ, 79 ಜೂಜಿನ ಮನೆ ನಡೆಸುವುದಕ್ಕೆ, 80 ಅಲ್ಲಿ ಆಡುವುದಕ್ಕೆ, 87 ಬೀದಿಯಲ್ಲಿ ಆಡುವುದಕ್ಕೆ. ಕೌಶಲದ ಆಟಕ್ಕೆ ರಕ್ಷಣೆ ಕೊಡುವುದು 176ನೆಯದು.

ಸುಪ್ರೀಂ ಕೋರ್ಟಿನ ಮೊದಲ ದೊಡ್ಡ ತೀರ್ಪಿಗೂ ಬೆಂಗಳೂರಿಗೂ ನಂಟುಂಟು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬುವರು ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿದ್ದರು. ಮುಂಬಯಿ ಸರ್ಕಾರ ಅದರ ಮೇಲೆ ತೆರಿಗೆ ಹೇರಿದಾಗ, ಇದು ವ್ಯಾಪಾರ, ಸಂವಿಧಾನದ ರಕ್ಷಣೆ ನಮಗುಂಟು ಎಂದು ವಾದಿಸಿದರು. 1957ರಲ್ಲಿ ನ್ಯಾಯಾಲಯ ಋಗ್ವೇದ, ಮಹಾಭಾರತ, ಮನುಸ್ಮೃತಿಗಳನ್ನೆಲ್ಲ ಉಲ್ಲೇಖಿಸಿ, ಜೂಜು ವ್ಯಾಪಾರವೇ ಅಲ್ಲವೆಂದು ತೀರ್ಮಾನಿಸಿತು. ಒಂದು ತೆರಿಗೆ ವ್ಯಾಜ್ಯದಲ್ಲಿ ಧರ್ಮರಾಯನ ಕಾಲದ ಮಾತು ಬಂತಲ್ಲ ಎಂದು ಓದುವಾಗ ನನಗೆ ಸೋಜಿಗವಾಗಿತ್ತು.

ಆಪಾದಿತರಿಗೆ ನಿಜವಾಗಿ ಉಸಿರು ಕೊಟ್ಟದ್ದು 1967ರ ನವೆಂಬರಿನ ಸತ್ಯನಾರಾಯಣ ಪ್ರಕರಣ. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ 1963ರಲ್ಲಿ ದಾಳಿ ನಡೆದು ರಮ್ಮಿಯಾಡುತ್ತಿದ್ದವರು ಸಿಕ್ಕಿದ್ದರು. ಮ್ಯಾಜಿಸ್ಟ್ರೇಟರು ಶಿಕ್ಷಿಸಿದರು, ಹೈಕೋರ್ಟು ಬಿಡುಗಡೆ ಮಾಡಿತು, ಸರ್ಕಾರ ಮೇಲ್ಮನವಿ ಹೂಡಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ರಮ್ಮಿಯನ್ನು ಒಬ್ಬ ಅನುಭವಿ ಆಟಗಾರನಂತೆ ಬಿಡಿಸಿ ನೋಡಿದರು. ಬಿದ್ದ ಎಲೆಗಳನ್ನು ನೆನಪಿಡಬೇಕು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬ ವಿವೇಚನೆ ಬೇಕು. ಆದ್ದರಿಂದ ಅದು ಪ್ರಧಾನವಾಗಿ ಕೌಶಲದ ಆಟ, ಮೂರೆಲೆಯಂತೆ ಬರಿಯ ಅದೃಷ್ಟದ್ದಲ್ಲ ಎಂದರು. ಕ್ಲಬ್ಬು ಸದಸ್ಯರಿಂದ ಅಲ್ಪ ಶುಲ್ಕ ಪಡೆದ ಮಾತ್ರಕ್ಕೆ ಜೂಜಿನ ಮನೆಯಾಗದು ಎಂದೂ ಹೇಳಿದರು. ಆದರೆ ಮನೆಯೊಡೆಯ ಆಟದಿಂದಲೇ ಲಾಭ ಹೊಡೆಯುತ್ತಿದ್ದರೆ ಈ ರಕ್ಷಣೆ ಇಲ್ಲ. ಇದನ್ನು ಮರೆತು "ರಮ್ಮಿ ಅಂದರೆ ಕಾನೂನೇ ಇಲ್ಲ" ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ.

ಈಗ ನನ್ನ ಮಹಜರಿನ ವಿಷಯ. ಇಂಥ ಕಾಯಿದೆಗಳಲ್ಲಿ ಒಂದು ಸೂಕ್ಷ್ಮವಿದೆ. ಕ್ರಮಬದ್ಧವಾಗಿ ನಡೆದ ಶೋಧದಲ್ಲಿ ಇಸ್ಪೀಟು, ಪಣದ ಹಣ ಸಿಕ್ಕರೆ ಅದು ಜೂಜಿನ ಮನೆಯೆಂದೇ ನ್ಯಾಯಾಲಯ ಊಹಿಸಬಹುದು. ಅಲ್ಲವೆಂದು ತೋರಿಸುವ ಹೊರೆ ಆಪಾದಿತನದು. ಆದ್ದರಿಂದಲೇ ಶೋಧಕ್ಕೆ ಅಧಿಕಾರಪತ್ರವಿತ್ತೇ, ಸ್ಥಳದಲ್ಲಿ ಪಂಚರಿದ್ದರೇ ಎಂಬುದು ಪ್ರಾಣಪ್ರಶ್ನೆ. ಮಹಜರಿನಲ್ಲಿ ಅಂದರ್ ಬಾಹರ್ ಎಂದಿತ್ತು. ಆಪಾದಿತರು ರಮ್ಮಿ ಎನ್ನುತ್ತಿದ್ದರು. ನಡುವೆ ನಿಂತಿದ್ದದ್ದು ನನ್ನ ರುಜು ಒಂದೇ. ಶಿಕ್ಷೆಯಾದರೆ ಆಗಲೇ ಅಮಾನತಿನಲ್ಲಿದ್ದ ಜವಾನ ಕೆಲಸವನ್ನೇ ಕಳೆದುಕೊಳ್ಳುವ ಸಂಭವವಿತ್ತು. ಹುಡುಗ ಶಾಲೆಗೆ ಬರುವುದನ್ನು ನಿಲ್ಲಿಸಿದ್ದ.

ಮರುವರ್ಷ ಸಾಕ್ಷಿಕಟ್ಟೆ ಹತ್ತಿದೆ. ಹಿಂದಿನ ದಿನ ಠಾಣೆಯಿಂದ ಬಂದವರು "ಬರೆದದ್ದನ್ನು ಹೇಳಿದರೆ ಸಾಕು" ಎಂದಿದ್ದರು. ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ರುಜು ಹಾಕುವಾಗ ತಾವು ಎಲ್ಲಿದ್ದಿರಿ?" ನಾಲಿಗೆ ಒಣಗಿತು. "ನನ್ನ ಕೋಣೆಯಲ್ಲಿದ್ದೆ, ಮಾರನೆಯ ದಿನ ಬೆಳಿಗ್ಗೆ" ಎಂದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿಯೆಂದು ಸಾರಿ, ಓದದೆ ರುಜು ಮಾಡುವ ಉಪಾಧ್ಯಾಯ ಎಂತಹವನು ಎಂದು ತುಂಬಿದ ಕೋರ್ಟಿನಲ್ಲಿ ಕೇಳಿದರು. ಉತ್ತರವಿರಲಿಲ್ಲ. ಇನ್ನೊಬ್ಬ ಪಂಚನೂ ನನ್ನಂತೆಯೇ ಹೇಳಿದ. ಏಳು ಮಂದಿಗೂ ಬಿಡುಗಡೆಯಾಯಿತು.

ಮಟ್ಕಾ ಅಥವಾ ಓಸಿಯ ಕಥೆ ಬೇರೆ. ನ್ಯೂಯಾರ್ಕಿನ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬಯಿಯಲ್ಲಿ ಹುಟ್ಟಿದ ಈ ಪಂದ್ಯ, 1960ರ ದಶಕದಲ್ಲಿ ಮಡಕೆಯೊಳಗಿನ ಚೀಟಿಗೆ ಇಳಿದು, ಮುಂದೆ ನಮ್ಮ ಬೀಡಾ ಅಂಗಡಿಗಳಿಗೂ ಬಂತು. ಇಲ್ಲಿ ಕೌಶಲದ ವಾದ ನಡೆಯದು. ಆದರೆ 78ನೆಯ ಕಲಮಿನ ಈ ಅಪರಾಧ ಬಹುಕಾಲ ಅಸಂಜ್ಞೇಯವಾಗಿತ್ತು, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಈ ಒಂದು ಲೋಪಕ್ಕಾಗಿ, ಅರ್ಜಿಯ ಮೇಲೆ ವಿವೇಚನೆಯಿಲ್ಲದೆ "ಅನುಮತಿಸಿದೆ" ಎಂದು ಬರೆದದ್ದಕ್ಕಾಗಿಯೂ, ನಮ್ಮ ಹೈಕೋರ್ಟು ಎಷ್ಟೋ ಪ್ರಕರಣಗಳನ್ನು ರದ್ದುಪಡಿಸಿದೆ.

2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಕೌಶಲದ ಆಟವನ್ನೂ ನಿಷೇಧದೊಳಗೆ ಸೇರಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳಿಗೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧ ಹೇರುವ ಕಾಯಿದೆಯನ್ನು ಅಂಗೀಕರಿಸಿತು; ಅದರಲ್ಲಿ ಶಿಕ್ಷೆ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ; ಆಡುವವನಿಗಲ್ಲ. ನಿಮ್ಮಲ್ಲಿ ವಕೀಲರಾದವರು ಇದರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲಿರಿ.

ಬಿಡುಗಡೆಯಾದ ದಿನ ಸಂಜೆ ಜವಾನ ಮಗನನ್ನು ಕರೆದುಕೊಂಡು ನನ್ನ ಕೋಣೆಗೆ ಬಂದ. ಒಂದು ಚಿಪ್ಪು ಬಾಳೆಹಣ್ಣು ತಂದಿದ್ದ. ಹುಡುಗ ತಪ್ಪಿದ ಪಾಠಗಳನ್ನು ಬರೆದುಕೊಳ್ಳಲು ಪುಸ್ತಕ ತೆಗೆದ. ಆ ರಾತ್ರಿ ಆಡಿದ್ದು ರಮ್ಮಿಯೋ ಅಂದರ್ ಬಾಹರೋ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.